ಬೆಳಿಗ್ಗೆ ಸ್ಟಾರ್ಟ್ ಆಗದ ಪದ್ಮಿನಿ, ಇಳಿಜಾರಿನಲ್ಲಿ ಬಿಟ್ಟರೆ ಮಾತ್ರ ಒಂದೇ ಸಲಕ್ಕೆ ಆಗುತ್ತದೆ. ಯಾಕಿರಬಹುದು?

ಮೂಡಿಗೆರೆ_ಪದ್ಮಿನಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1986ರ ಪ್ರೀಮಿಯರ್ ಪದ್ಮಿನಿ ಇದೆ. ಪೆಟ್ರೋಲ್, 1089 ಸಿಸಿ. ಅಪ್ಪ ಬುಕ್ ಮಾಡಿ ಕಾದು ಕಾದು ತಂದ ಗಾಡಿ. ಅವರಿಗೆ ಈಗ 78 ವರ್ಷ. ಬೆಳಿಗ್ಗೆ ಕಾಫಿ ಕುಡಿದು ಅದರಲ್ಲೇ ತೋಟಕ್ಕೆ ಒಂದು ಸುತ್ತು ಹೋಗಿಬರಬೇಕು, ಬೇರೆ ಗಾಡಿ ಹತ್ತುವುದಿಲ್ಲ.

ತೊಂದರೆ ಏನೆಂದರೆ, ನವೆಂಬರ್‌ನಿಂದ ಬೆಳಿಗ್ಗೆ ಹೊತ್ತು ಸ್ಟಾರ್ಟ್ ಆಗುತ್ತಿಲ್ಲ. ನಮ್ಮಲ್ಲಿ ಈಗ ಆರು ಗಂಟೆಗೆ 12-13 ಡಿಗ್ರಿ ಇರುತ್ತದೆ, ಜೊತೆಗೆ ಮಂಜು. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಆದರೆ ನಿಧಾನ, ಹೊತ್ತಿಕೊಳ್ಳುವುದೇ ಇಲ್ಲ. ಹನ್ನೊಂದು ಗಂಟೆಗೆ ಬಿಸಿಲು ಬಂದ ಮೇಲೆ ಒದ್ದಾಡಿ ಆಗುತ್ತದೆ. ಒಂದು ಸಲ ಬಿಸಿಯಾಯಿತು ಅಂದರೆ ಆಮೇಲೆ ದಿನವಿಡೀ ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್. ಇನ್ನೊಂದು ವಿಷಯ, ನಮ್ಮ ಶೆಡ್‌ನಿಂದ ಗೇಟಿನವರೆಗೆ ಇಳಿಜಾರು ಇದೆ, ಅಲ್ಲಿ ಸೆಕೆಂಡ್ ಗೇರ್ ಹಾಕಿ ಕ್ಲಚ್ ಬಿಟ್ಟರೆ ಎಂಥ ಚಳಿ ಇದ್ದರೂ ಹತ್ತು ಅಡಿ ಹೋಗುವುದರೊಳಗೆ ಹತ್ತಿಕೊಳ್ಳುತ್ತದೆ.

ಇದುವರೆಗೆ ಹಾಕಿಸಿದ್ದು: ನಾಲ್ಕು ಹೊಸ ಪ್ಲಗ್, ಪಾಯಿಂಟ್, ಕಂಡೆನ್ಸರ್, ಕಾಯಿಲ್, ಪೆಟ್ರೋಲ್ ಜೊತೆ ಗಾಳಿ ಬೆರೆಸುವ ಕಾರ್ಬ್ಯುರೇಟರ್‌ಗೆ ಕಿಟ್, ಎರಡು ತಿಂಗಳ ಹಿಂದೆ ಹೊಸ ಬ್ಯಾಟರಿ. ಮೆಕ್ಯಾನಿಕ್ ಬಂದಾಗಲೆಲ್ಲ ಫಿಲ್ಟರ್ ತೆಗೆದು ಕಾರ್ಬ್ಯುರೇಟರ್ ಬಾಯಿಗೆ ಬಾಟಲಿ ಮುಚ್ಚಳದಲ್ಲಿ ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡಿ ಹೋಗುತ್ತಾರೆ. ಈಗ ಕಂಪ್ರೆಷನ್ (ಸಿಲಿಂಡರಿನೊಳಗೆ ಮಿಶ್ರಣ ಒತ್ತುವ ಬಲ) ಹೋಗಿದೆ, ಎಂಜಿನ್ ಬಿಚ್ಚಬೇಕು ಅನ್ನುತ್ತಿದ್ದಾರೆ. ಬಿಚ್ಚುವ ಮೊದಲು ನಿಮ್ಮನ್ನು ಒಂದು ಮಾತು ಕೇಳೋಣ ಅನ್ನಿಸಿತು.


ಹಾಸನ_ಅಂಬಾಸಿಡರ್:

ಮೊದಲು ಆ ಬಾಟಲಿ ಮುಚ್ಚಳದ ಕೆಲಸ ನಿಲ್ಲಿಸಿ. ದಯವಿಟ್ಟು. ಬ್ಯಾಕ್‌ಫೈರ್ ಆದರೆ ಬೆಂಕಿ ನೇರ ಮೇಲಕ್ಕೆ ಬರುತ್ತದೆ, ಮುಖ ಅಲ್ಲೇ ಇರುತ್ತದೆ. ನಮ್ಮೂರಲ್ಲಿ ಒಬ್ಬರ ಹುಬ್ಬು, ಕೂದಲು ಸುಟ್ಟಿದ್ದನ್ನು ಕಣ್ಣಾರೆ ನೋಡಿದ್ದೇನೆ.

ನನ್ನದು ಅಂಬಾಸಿಡರ್ ಮಾರ್ಕ್ 4, 1489 ಸಿಸಿ ಪೆಟ್ರೋಲ್. ನನ್ನ ಪ್ರಕಾರ ನಿಮ್ಮದು ಎರಡು ಕಾರಣ. ಒಂದು, ಇಬ್ಬನಿ. ಡೆಲ್ಕೋ, ಅಂದರೆ ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್, ಅದರ ಕ್ಯಾಪ್ ಒಳಗೆ ನೀರಿನ ಪಸೆ ಕೂತರೆ ಸ್ಪಾರ್ಕ್ ಪ್ಲಗ್‌ಗೆ ಹೋಗುವ ಬದಲು ಕ್ಯಾಪ್ ಮೇಲೆಯೇ ಹರಿದುಹೋಗುತ್ತದೆ. ಕ್ಯಾಪ್ ಬಿಚ್ಚಿ ಒಣ ಬಟ್ಟೆಯಲ್ಲಿ ಒರೆಸಿ, ಒಳಗೆ ಪೆನ್ಸಿಲ್ ಗೀರಿನ ಹಾಗೆ ಕಪ್ಪು ಗೆರೆ ಇದ್ದರೆ ಅದು ಬಿರುಕು, ಕ್ಯಾಪ್ ಬದಲಿಸಿ. ಪ್ಲಗ್ ವೈರ್ ಹಳೆಯದಾಗಿದ್ದರೆ ರಾತ್ರಿ ಕತ್ತಲಲ್ಲಿ ಬಾನೆಟ್ ತೆಗೆದು ಎಂಜಿನ್ ಓಡಿಸಿ ನೋಡಿ, ನೀಲಿ ಕಿಡಿ ಅಲ್ಲಲ್ಲಿ ಹಾರುವುದು ಕಾಣಿಸುತ್ತದೆ.

ಎರಡನೆಯದು ಪೆಟ್ರೋಲ್. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಲ್ಲೇ ಇ20, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲ್, ಬಿಡುಗಡೆ ಆಯಿತು, ಈಗ ಎಲ್ಲ ಬಂಕ್‌ನಲ್ಲೂ ಅದೇ ಸಿಗುವುದು. ಎಥನಾಲ್ ಚಳಿಯಲ್ಲಿ ಪೆಟ್ರೋಲ್‌ನಷ್ಟು ಸುಲಭವಾಗಿ ಆವಿ ಆಗುವುದಿಲ್ಲ. ಬರೀ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಕೆಜಿಗೆ 14.7 ಕೆಜಿ ಗಾಳಿ ಬೇಕು, ಎಥನಾಲ್‌ಗೆ 9 ಕೆಜಿ ಸಾಕು. ಪೆಟ್ರೋಲ್ ಬರುವ ಸಣ್ಣ ತೂತಿನ ನಮ್ಮ ಹಳೇ ಜೆಟ್‌ಗಳು ಬರೀ ಪೆಟ್ರೋಲ್‌ಗೆ ಅಂತ ಕೊರೆದಿದ್ದು. ಹಾಗಾಗಿ ಅದೇ ಜೆಟ್‌ನಲ್ಲಿ ಮಿಶ್ರಣ ಈಗ ತೆಳುವಾಗುತ್ತದೆ, ತೆಳು ಮಿಶ್ರಣ ತಣ್ಣಗಿರುವ ಎಂಜಿನ್‌ಗೆ ಆಗಿಬರುವುದಿಲ್ಲ. ಗಾಡಿ ವಾರಗಟ್ಟಲೆ ನಿಂತರೆ ಇನ್ನೂ ಕಷ್ಟ, ಬೇಗ ಆವಿ ಆಗುವ ಭಾಗ ಮೊದಲು ಹೋಗಿಬಿಡುತ್ತದೆ, ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಹಳೇ ರಬ್ಬರ್ ಪೈಪುಗಳೂ ಒಂದು ಸಲ ನೋಡಿ, ಒಳಗಿನಿಂದ ಮೆತ್ತಗಾಗಿ ಪುಡಿ ಬರುತ್ತಿರಬಹುದು.


ಉಡುಪಿ_ಹಳೇಗೇರು:

ನಾನು 1978ರಿಂದ ಇದೇ ಕೆಲಸ ಮಾಡಿದವನು, ಈಗ ಗ್ಯಾರೇಜು ಮಗ ನೋಡಿಕೊಳ್ಳುತ್ತಾನೆ. ಅಂಬಾಸಿಡರ್‌ನವರು ಹೇಳಿದ್ದು ಯಾವುದೂ ಸುಳ್ಳಲ್ಲ. ಆದರೆ ಮೂಡಿಗೆರೆಯವರೇ, ನಿಮ್ಮ ಉತ್ತರ ನೀವೇ ಬರೆದಿದ್ದೀರಿ ಮಾರಾಯ್ರೆ. ಇಳಿಜಾರಲ್ಲಿ ಬಿಟ್ಟರೆ ಹತ್ತು ಅಡಿಯಲ್ಲಿ ಆಗುತ್ತದೆ ಅಂದಿರಲ್ಲ, ಅದೇ.

ಯೋಚನೆ ಮಾಡಿ. ಅದೇ ಪೆಟ್ರೋಲ್, ಅದೇ ಇಬ್ಬನಿ, ಅದೇ ಪ್ಲಗ್, ಅದೇ ಕಂಪ್ರೆಷನ್. ಕಂಪ್ರೆಷನ್ ಹೋದ ಎಂಜಿನ್ ಚಳಿಯಲ್ಲಿ ಹತ್ತು ಅಡಿಗೆ ಹತ್ತಿಕೊಳ್ಳುವುದಿಲ್ಲ, ಗೇಟು ದಾಟಿ ರಸ್ತೆಗೆ ಬಂದರೂ ಕೆಮ್ಮುತ್ತಾ ಇರುತ್ತದೆ. ಹಾಗಾದರೆ ಇಳಿಜಾರಿನಲ್ಲಿ ಬದಲಾಗಿದ್ದು ಏನು? ಒಂದು, ಎಂಜಿನ್ ಜೋರಾಗಿ ತಿರುಗುತ್ತದೆ. ಎರಡು, ಸೆಲ್ಫ್ ಕರೆಂಟ್ ಎಳೆಯುತ್ತಿಲ್ಲ, ಹಾಗಾಗಿ ಸ್ಪಾರ್ಕ್ ಹುಟ್ಟಿಸುವ ಕಾಯಿಲ್‌ಗೆ ಪೂರ್ತಿ 12 ವೋಲ್ಟ್ ಸಿಗುತ್ತದೆ. ಸೆಲ್ಫ್ ಹೊಡೆಯುವಾಗ ಇವೆರಡೂ ಇಲ್ಲ. ಅಂದರೆ ನಿಮ್ಮ ತೊಂದರೆ ಸೆಲ್ಫ್‌ನ ದಾರಿಯಲ್ಲಿದೆ. ಹೊಸ ಬ್ಯಾಟರಿ ಹಾಕಿದರೂ ಹೋಗಿಲ್ಲ ಅಂದ ಮೇಲೆ ಬ್ಯಾಟರಿಯಿಂದ ಆಚೆಗೆ, ವೈರ್‌ನಲ್ಲಿ ಹುಡುಕಬೇಕು.

ಒಂದು ಮಲ್ಟಿಮೀಟರ್ ತನ್ನಿ. ನಾಳೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಮಾಡಿ, ಬಿಸಿಯಾದ ಮೇಲೆ ಮಾಡಿದರೆ ಏನೂ ಸಿಗುವುದಿಲ್ಲ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ. ಕಾಯಿಲ್‌ನಿಂದ ಡೆಲ್ಕೋ ಮಧ್ಯಕ್ಕೆ ಹೋಗುವ ದಪ್ಪ ವೈರ್ ಕಿತ್ತು ಅದರ ತುದಿ ಬ್ಲಾಕಿಗೆ ಗಟ್ಟಿಯಾಗಿ ತಾಗಿಸಿ ಇಡಿ, ಆಗ ಎಂಜಿನ್ ತಿರುಗುತ್ತದೆ ಆದರೆ ಸ್ಟಾರ್ಟ್ ಆಗುವುದಿಲ್ಲ. ಅಪ್ಪ ಒಳಗೆ ಕೂತು ಐದು ಸೆಕೆಂಡು ಸೆಲ್ಫ್ ಹೊಡೆಯಲಿ, ನೀವು ಅಳೆಯಿರಿ. ಪ್ರತಿ ಸಲದ ನಡುವೆ ಅರ್ಧ ನಿಮಿಷ ಬಿಡಿ, ಇಲ್ಲದಿದ್ದರೆ ಸೆಲ್ಫ್ ಮೋಟರ್ ಸುಡುತ್ತದೆ.

ಮೊದಲು ಬ್ಯಾಟರಿಯ ಎರಡು ಕಂಬದ ನಡುವೆ. ಕ್ಲಾಂಪಿನ ಮೇಲೆ ಅಲ್ಲ, ಕಂಬದ ಸೀಸದ ಮೇಲೆ ಮೊನೆ ಇಡಿ. ಆಮೇಲೆ ಬ್ಯಾಟರಿಯ ನೆಗೆಟಿವ್ ಕಂಬದಿಂದ ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ. ಕೊನೆಗೆ ಕಾಯಿಲ್‌ನ ಪ್ಲಸ್‌ನಿಂದ ಬ್ಲಾಕಿಗೆ. ಮೂರೂ ಬರೆದು ಇಲ್ಲಿ ಹಾಕಿ. ಎಂಜಿನ್ ಬಿಚ್ಚಲು ಬಿಡಬೇಡಿ.


ಮೂಡಿಗೆರೆ_ಪದ್ಮಿನಿ:

ಬೆಳಿಗ್ಗೆ 6.20ಕ್ಕೆ ಮಾಡಿದೆ. 12 ಡಿಗ್ರಿ ಇತ್ತು.

ಸೆಲ್ಫ್ ಹೊಡೆಯುವ ಮೊದಲು ಬ್ಯಾಟರಿ 12.6. ಹೊಡೆಯುವಾಗ 10.6. ನೆಗೆಟಿವ್ ಕಂಬದಿಂದ ಬ್ಲಾಕಿಗೆ 1.8. ಇದು ಸೊನ್ನೆ ಇರಬೇಕಲ್ವಾ ಅಂತ ಎರಡು ಸಲ ನೋಡಿದೆ, ಅಷ್ಟೇ ಬಂತು. ಕಾಯಿಲ್‌ನಲ್ಲಿ 8.3ರ ಆಸುಪಾಸು, ಮೀಟರ್ ಕುಣಿಯುತ್ತಿತ್ತು.

ಮಧ್ಯಾಹ್ನ ಎಂಜಿನ್ ಬಿಸಿ ಇರುವಾಗ ಸುಮ್ನೆ ಕುತೂಹಲಕ್ಕೆ ಮತ್ತೆ ಅಳೆದೆ. ಆಗ ಬ್ಲಾಕಿಗೆ 0.9 ಮಾತ್ರ.


ಉಡುಪಿ_ಹಳೇಗೇರು:

ಸಿಕ್ಕಿತು. ಬ್ಯಾಟರಿ ಚೆನ್ನಾಗಿದೆ, 10.6 ಒಳ್ಳೆಯ ಅಂಕಿ. ತಪ್ಪಿರುವುದು ಅರ್ತ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಬರುವ ದಾರಿ.

ನೆಗೆಟಿವ್‌ನಿಂದ ಬ್ಲಾಕಿಗೆ ಸೊನ್ನೆ ಬರುವುದಿಲ್ಲ, 0.2, ಹೆಚ್ಚೆಂದರೆ 0.3 ಬರಬೇಕು. ನಿಮಗೆ 1.8. ಎಂಜಿನ್ ರಬ್ಬರ್ ಮೇಲೆ ಕೂತಿರುತ್ತದೆ, ಅದಕ್ಕೂ ಬಾಡಿಗೂ ನಡುವೆ ಒಂದು ಹೆಣೆದ ತಾಮ್ರದ ಪಟ್ಟಿ ಇರುತ್ತದೆ. ಸೆಲ್ಫ್ ಎಳೆಯುವ ಅಷ್ಟೂ ಕರೆಂಟ್ ವಾಪಸ್ ಬರುವುದು ಅದೊಂದರಲ್ಲೇ. ತಣ್ಣಗಿರುವ ಎಂಜಿನ್‌ನಲ್ಲಿ ಆಯಿಲ್ ಗಟ್ಟಿ, ಸೆಲ್ಫ್ 150 ಆಂಪಿಯರ್ ಎಳೆಯಿತು ಅಂದುಕೊಳ್ಳಿ, ಆಗ ಆ ಪಟ್ಟಿಯಲ್ಲಿ 0.012 ಓಮ್ ತಡೆ ಇದ್ದರೂ ಸಾಕು, 1.8 ವೋಲ್ಟ್ ಅದೇ ತಿಂದುಬಿಡುತ್ತದೆ. ಅಷ್ಟು ಸಣ್ಣ ತಡೆಯನ್ನು ಓಮ್ ಅಳೆಯುವ ಸಾಮಾನ್ಯ ಮೀಟರ್ ತೋರಿಸುವುದೇ ಇಲ್ಲ, ಟೆಸ್ಟ್ ಲ್ಯಾಂಪ್ ಹಿಡಿದರೆ ಚೆನ್ನಾಗಿ ಉರಿಯುತ್ತದೆ. ಅದಕ್ಕೇ ಯಾರಿಗೂ ಸಿಗುವುದಿಲ್ಲ. ಎಂಜಿನ್ ಬಿಸಿಯಾದಾಗ ಆಯಿಲ್ ತೆಳುವಾಗಿ ಸೆಲ್ಫ್‌ಗೆ ಅರ್ಧ ಕರೆಂಟ್ ಸಾಕು, ನಷ್ಟವೂ ಅರ್ಧ. ನಿಮ್ಮ 0.9 ಅದೇ ಲೆಕ್ಕ. ದಿನವಿಡೀ ಚೆನ್ನಾಗಿ ಆಗುವುದಕ್ಕೂ ಬೆಳಿಗ್ಗೆ ಆಗದಿರುವುದಕ್ಕೂ ಇದೇ ಕಾರಣ.

ಖಾತ್ರಿ ಮಾಡಿಕೊಳ್ಳಲು ಒಂದು ಪೈಸೆ ಖರ್ಚಿಲ್ಲದ ದಾರಿ ಇದೆ. ಜಂಪರ್ ಕೇಬಲ್ ಇದ್ದರೆ ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ನೇರ ಎಂಜಿನ್‌ನ ದಪ್ಪ ಬೋಲ್ಟಿಗೆ ಕಚ್ಚಿಸಿ. ನೆಗೆಟಿವ್‌ಗೇ ಮಾತ್ರ, ನೋಡಿಕೊಂಡು. ಆಮೇಲೆ ಸೆಲ್ಫ್ ಹೊಡೆಯಿರಿ. ಶಬ್ದವೇ ಬೇರೆ ಇರುತ್ತದೆ.


ಲೀಡ್ಸ್_ಮೈನರ್:

ನಮಸ್ಕಾರ, ನಾನು ಧಾರವಾಡದವನು, ಈಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ. ಇಲ್ಲಿ ನನ್ನ ಹತ್ತಿರ 1098 ಸಿಸಿಯ ಮಾರಿಸ್ ಮೈನರ್ ಇದೆ. ಉಡುಪಿಯವರ ಮಾತು ಓದಿ ಒಂದು ವಿಷಯ ಹೇಳಲೇಬೇಕು ಅನ್ನಿಸಿತು.

ಅರ್ತ್ ಪಟ್ಟಿ ಕೆಟ್ಟಿದೆ ಅಂದರೆ ಕರೆಂಟ್ ಸುಮ್ಮನೆ ಕೂರುವುದಿಲ್ಲ, ಬಾಡಿಯಿಂದ ಎಂಜಿನ್‌ಗೆ ಲೋಹದ ಬೇರೆ ದಾರಿ ಯಾವುದಿದೆಯೋ ಅದನ್ನು ಹಿಡಿಯುತ್ತದೆ. ಅಂಥ ದಾರಿ ಒಂದು ಚೋಕ್ ಕೇಬಲ್, ತಣ್ಣಗಿರುವ ಎಂಜಿನ್‌ಗೆ ದಟ್ಟ ಮಿಶ್ರಣ ಕೊಡಲು ಎಳೆಯುವುದು. ಡ್ಯಾಶ್‌ಬೋರ್ಡಿನಿಂದ ಕಾರ್ಬ್ಯುರೇಟರ್‌ವರೆಗೆ ಉಕ್ಕಿನ ತಂತಿ, ಉಕ್ಕಿನ ಸುರುಳಿ ಕವಚ. ಸೆಲ್ಫ್‌ನ ಕರೆಂಟಿನಲ್ಲಿ ಸ್ವಲ್ಪ ಪಾಲು ಅದರಲ್ಲಿ ಹರಿದರೂ ಕೇಬಲ್ ಕಾಯುತ್ತದೆ. ನನ್ನ ಗಾಡಿಯಲ್ಲಿ ಎರಡು ವರ್ಷದ ಹಿಂದೆ ಜನವರಿಯಲ್ಲಿ ಹೀಗೇ ಆಗಿತ್ತು. ಹೊರಗೆ ಮೈನಸ್ 3. ಸೆಲ್ಫ್ ಹೊಡೆಯುತ್ತಾ ಇದ್ದೆ, ಡ್ಯಾಶ್‌ಬೋರ್ಡಿನ ಕೆಳಗಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ, ಚೋಕ್ ನಾಬ್ ಮುಟ್ಟಿದರೆ ಕೈ ಚುರುಕ್ ಅಂತು. ಪಟ್ಟಿ ಬಿಚ್ಚಿ ನೋಡಿದರೆ ನಾಲ್ಕೈದು ಎಳೆ ಮಾತ್ರ ಉಳಿದಿತ್ತು.

ಹಾಗಾಗಿ ನೀವು ಪಟ್ಟಿ ಬದಲಿಸಿದ ಮೇಲೆ ಅಲ್ಲಿಗೇ ನಿಲ್ಲಿಸಬೇಡಿ. ಚೋಕ್ ಕೇಬಲ್ ಉದ್ದಕ್ಕೂ ಕೈಯಾಡಿಸಿ. ಒಬ್ಬರು ಒಳಗೆ ನಾಬ್ ಎಳೆಯಲಿ, ನೀವು ಹೊರಗೆ ಕಾರ್ಬ್ಯುರೇಟರ್ ಹತ್ತಿರ ಲಿವರ್ ನಿಜವಾಗಿ ಕೊನೆಯವರೆಗೆ ಹೋಗುತ್ತಿದೆಯಾ ಅಂತ ಕಣ್ಣಿಂದ ನೋಡಿ. ನಾಬ್ ಹೊರಗೆ ಬಂತು ಅಂದರೆ ಚೋಕ್ ಬಿತ್ತು ಅಂತಲ್ಲ.

ಅಂದಹಾಗೆ ಇಲ್ಲಿ 2021ರ ಸೆಪ್ಟೆಂಬರ್‌ನಿಂದ ಮಾಮೂಲಿ ಪೆಟ್ರೋಲ್ ಇ10. ಹಳೇ ಗಾಡಿಯವರು ಬಹಳ ಜನ ಇನ್ನೂ ಸಿಗುವ ಸೂಪರ್ ಪೆಟ್ರೋಲ್ ಹಾಕಿಸುತ್ತಾರೆ, ಅದು ಇ5. ನಾನೂ ಅದನ್ನೇ ಹಾಕುವುದು. ಆದರೆ ಅವತ್ತು ಗಾಡಿ ನಿಂತಿದ್ದು ಪೆಟ್ರೋಲ್‌ನಿಂದ ಅಲ್ಲ.


ಮೂಡಿಗೆರೆ_ಪದ್ಮಿನಿ:

ಭಾನುವಾರ ಪೂರ್ತಿ ಇದೇ ಕೆಲಸ. ಉದ್ದ ಬರೆಯುತ್ತಿದ್ದೇನೆ, ಮುಂದೆ ಯಾರಿಗಾದರೂ ಬೇಕಾಗಬಹುದು.

ಶನಿವಾರ ಬೆಳಿಗ್ಗೆ ಮೊದಲು ಜಂಪರ್ ಕೇಬಲ್ ಹಾಕಿ ನೋಡಿದೆ. ಉಡುಪಿಯವರು ಹೇಳಿದ ಹಾಗೆ ಶಬ್ದವೇ ಬದಲಾಯಿತು, ಇಷ್ಟು ಜೋರಾಗಿ ಈ ಎಂಜಿನ್ ತಿರುಗಿದ್ದು ಕೇಳಿ ಎಷ್ಟು ವರ್ಷ ಆಯಿತೋ. ಅಡುಗೆಮನೆಯಿಂದ ಅಮ್ಮ "ಏನಾಯ್ತೋ ಗಾಡಿಗೆ?" ಅಂತ ಹೊರಗೆ ಬಂದರು.

ಪಟ್ಟಿ ಗೇರ್‌ಬಾಕ್ಸ್ ಕಡೆ ಸಿಕ್ಕಿತು, ಕೆಳಗೆ ಮಲಗಿಯೇ ನೋಡಬೇಕಾಯಿತು. ಮಣ್ಣು, ಆಯಿಲ್ ಎಲ್ಲ ಮೆತ್ತಿ ಅದು ಪಟ್ಟಿ ಅಂತಲೇ ಗೊತ್ತಾಗುತ್ತಿರಲಿಲ್ಲ. ಒರೆಸಿದರೆ ಪಾಚಿ ಹಸಿರು ಬಣ್ಣ, ಅರ್ಧಕ್ಕಿಂತ ಜಾಸ್ತಿ ಎಳೆ ತುಂಡಾಗಿದ್ದವು. ಅದಕ್ಕಿಂತ ದೊಡ್ಡದು, ಮೂರು ವರ್ಷದ ಹಿಂದೆ ಬಾಡಿ ಕೆಲಸ ಮಾಡಿಸಿ ಪೇಂಟ್ ಹೊಡೆಸಿದ್ದೆವು, ಆಗ ಆ ಬೋಲ್ಟ್ ಕೂರುವ ಜಾಗಕ್ಕೂ ಬಣ್ಣ ಬಿದ್ದಿದೆ, ಅದರ ಮೇಲೆಯೇ ಪಟ್ಟಿ ಇಟ್ಟು ಬಿಗಿದಿದ್ದಾರೆ. ಬೋಲ್ಟಿನ ಥ್ರೆಡ್ ಮೂಲಕ ಮಾತ್ರ ಅಷ್ಟು ಕರೆಂಟ್ ಹೋಗುತ್ತಿತ್ತು ಅನ್ನಿಸುತ್ತದೆ. ಸ್ಯಾಂಡ್ ಪೇಪರ್ ಹಿಡಿದು ಹೊಳೆಯುವ ತನಕ ತಿಕ್ಕಿದೆ. ಬ್ಯಾಟರಿ ಅಂಗಡಿಯಲ್ಲಿ ದಪ್ಪ ಕೇಬಲ್‌ಗೆ ಎರಡೂ ಕಡೆ ತಾಮ್ರದ ಲಗ್ ಒತ್ತಿಸಿ ತಂದು ಹಾಕಿದೆ, ಮೇಲೆ ಗ್ರೀಸ್ ಸವರಿದೆ.

ಭಾನುವಾರ ಬೆಳಿಗ್ಗೆ ಅಳತೆ: ನೆಗೆಟಿವ್‌ನಿಂದ ಬ್ಲಾಕಿಗೆ 0.2. ಕಾಯಿಲ್‌ನಲ್ಲಿ 9.9. ಎಂಜಿನ್ ಚೆನ್ನಾಗಿ ತಿರುಗಿ ಹೊತ್ತಿಕೊಂಡಿತು. ಆದರೆ ಎರಡು ಸೆಕೆಂಡಿಗೆ ನಿಂತಿತು. ಮತ್ತೆ ಹೊತ್ತಿಕೊಂಡಿತು, ಮತ್ತೆ ನಿಂತಿತು. ಐದಾರು ಸಲ ಹೀಗೆ.

ಆಗ ಲೀಡ್ಸ್‌ನವರ ಮಾತು ನೆನಪಾಯಿತು. ಅಪ್ಪನಿಗೆ ನಾಬ್ ಎಳೆಯಲು ಹೇಳಿದೆ. ನಾಬ್ ಪೂರ್ತಿ ಹೊರಗೆ, ಕಾರ್ಬ್ಯುರೇಟರ್ ಹತ್ತಿರ ಲಿವರ್ ಅರ್ಧ ಮಾತ್ರ. ಕೇಬಲ್ ಬಾಡಿ ತೂತಿನಲ್ಲಿ ದಾಟುವ ಜಾಗದಲ್ಲಿ ಹೊರಗಿನ ಪ್ಲಾಸ್ಟಿಕ್ ಕರಗಿ ಗಂಟು ಕಟ್ಟಿದೆ. ಒಳಗಿನ ತಂತಿ ಅಲ್ಲೇ ಅಂಟಿಕೊಂಡಿದೆ. ನಾಬ್ ಎಳೆದರೆ ತಂತಿ ಜಾರುವ ಬದಲು ಕವಚವನ್ನೂ ಸೇರಿಸಿ ಎಳೆದುಕೊಂಡು ಬರುತ್ತದೆ, ಆ ಕಡೆ ಕ್ಲಾಂಪಿನಲ್ಲಿ ಕವಚ ಜಾರುತ್ತದೆ. ಒಂದು ಪಟ್ಟಿ ಕೆಟ್ಟಿದ್ದಕ್ಕೆ ಎರಡು ಕಾಯಿಲೆ.

ಅಪ್ಪ ಒಳಗೆ ಸೆಲ್ಫ್ ಹೊಡೆದರು, ನಾನು ಲಿವರ್ ಕೈಯಲ್ಲೇ ಕೊನೆಯವರೆಗೆ ಎಳೆದು ಹಿಡಿದೆ, ಫ್ಯಾನಿನಿಂದ ಕೈ ದೂರ ಇಟ್ಟುಕೊಂಡು. ಎಂಜಿನ್ ಹತ್ತಿಕೊಂಡಿತು, ಈ ಸಲ ನಿಲ್ಲಲಿಲ್ಲ. ನಿಧಾನಕ್ಕೆ ಲಿವರ್ ಬಿಡುತ್ತಾ ಬಂದೆ.

ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಹೊಸ ಕೇಬಲ್ ಹುಡುಕಲು ಅಕ್ಕನ ಮಗನಿಗೆ ಹೇಳಿದ್ದೇನೆ, ಹಳೇದರ ಉದ್ದ ಅಳೆದು ಫೋಟೋ ಕಳಿಸಿದೆ. ಒಂದೇ ಒಂದು ಪ್ರಶ್ನೆ. ಸ್ಟಾರ್ಟ್ ಮಾಡುವಾಗ ರೇಸ್ ಎಷ್ಟು ಕೊಡಬೇಕು? ನಾನು ಇಷ್ಟು ದಿನ ಪೆಡಲ್ ಒತ್ತಿ ಒತ್ತಿ ಬಿಡುತ್ತಿದ್ದೆ, ಅಪ್ಪ ಬೇಡ ಅನ್ನುತ್ತಾರೆ.


ಹಾಸನ_ಅಂಬಾಸಿಡರ್:

ಬಹಳ ಖುಷಿಯಾಯಿತು. ನಾನು ಪೆಟ್ರೋಲ್ ಕಡೆ ಹೋಗಿದ್ದೆ, ಉಡುಪಿಯವರು ಇಳಿಜಾರನ್ನು ಹಿಡಿದದ್ದು ಸರಿ. ಮುಂದೆ ಯಾರಾದರೂ ಇದನ್ನೇ ಕೇಳಿದರೆ ನಾನೂ ಮೊದಲು ತಳ್ಳಿದರೆ ಆಗುತ್ತದಾ ಅಂತಲೇ ಕೇಳುತ್ತೇನೆ.

ರೇಸ್ ವಿಷಯದಲ್ಲಿ ಅಪ್ಪ ಹೇಳಿದ್ದೇ ಸರಿ. ಫಿಲ್ಟರ್ ತೆಗೆದು ಕಾರ್ಬ್ಯುರೇಟರ್ ಬಾಯಿ ನೋಡಿ. ಮೂಲ ಸೋಲೆಕ್ಸ್ ಆದರೆ ಬಾಯಿ ಮುಚ್ಚುವ ತಗಡು ಅಲ್ಲಿ ಇರುವುದಿಲ್ಲ. ಅದರ ಬದಲು ಪಕ್ಕದಲ್ಲಿ ತೂತುಗಳಿರುವ ಒಂದು ಸಣ್ಣ ತಟ್ಟೆ ಇದೆ, ಚೋಕ್ ಎಳೆದಾಗ ಅದು ತಿರುಗಿ ಬೇರೆಯೇ ದಾರಿ ತೆರೆಯುತ್ತದೆ, ದಟ್ಟ ಮಿಶ್ರಣ ಪೆಡಲ್ ಒತ್ತಿದರೆ ತೆರೆಯುವ ಥ್ರಾಟಲ್‌ನ ಕೆಳಗಡೆ ನೇರ ಸಿಲಿಂಡರಿಗೆ ಹೋಗುವ ಕೊಳವೆ ಮ್ಯಾನಿಫೋಲ್ಡ್‌ಗೆ ಹೋಗುತ್ತದೆ. ಅದನ್ನು ಎಳೆದುಕೊಳ್ಳುವುದು ಮ್ಯಾನಿಫೋಲ್ಡ್‌ನ ಎಳೆತ. ಥ್ರಾಟಲ್ ಮುಚ್ಚಿದ್ದರೆ ಮಾತ್ರ ಆ ಎಳೆತ ಇರುತ್ತದೆ. ಪೆಡಲ್ ಒತ್ತಿದ ಕೂಡಲೇ ಥ್ರಾಟಲ್ ತೆರೆದು ಎಳೆತ ಬಿದ್ದುಹೋಗುತ್ತದೆ, ಚೋಕ್ ಇದ್ದೂ ಇಲ್ಲದ ಹಾಗೆ. ಆದ್ದರಿಂದ ಚೋಕ್ ಪೂರ್ತಿ ಎಳೆಯಿರಿ, ಕಾಲು ಪೆಡಲ್ ಮೇಲೆ ಇಡಲೇಬೇಡಿ, ಸೆಲ್ಫ್ ಹೊಡೆಯಿರಿ. ಹತ್ತಿಕೊಂಡ ಮೇಲೆ ಅರ್ಧಕ್ಕೆ ತಳ್ಳಿ, ಗಾಡಿ ಹೊರಟು ಸ್ವಲ್ಪ ದೂರ ಹೋದ ಮೇಲೆ ಪೂರ್ತಿ ಒಳಗೆ. ಜಾಸ್ತಿ ಹೊತ್ತು ಎಳೆದೇ ಇಟ್ಟರೆ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಬಿಡುತ್ತದೆ.

ಗಾಡಿ ಒಂದು ವಾರ ನಿಂತಿದ್ದರೆ ಮಾತ್ರ ಬೇರೆ ಕಥೆ, ಕಾರ್ಬ್ಯುರೇಟರ್ ಬಟ್ಟಲಿನ ಪೆಟ್ರೋಲ್ ಆರಿಹೋಗಿರುತ್ತದೆ, ಪಂಪ್ ತುಂಬಿಸುವ ತನಕ ಎರಡು ಮೂರು ಸಲ ಹೊಡೆಯಬೇಕು. ಅದು ತೊಂದರೆ ಅಲ್ಲ.


ಉಡುಪಿ_ಹಳೇಗೇರು:

ಹೊಸ ಕೇಬಲ್ ಹಾಕುವಾಗ ಒಂದು ಗಮನ ಇರಲಿ. ನಾಬ್ ಪೂರ್ತಿ ಒಳಗೆ ಇದ್ದಾಗ ಲಿವರ್ ಕೂಡ ಪೂರ್ತಿ ಹಿಂದೆ ಬಂದಿರಬೇಕು, ಕ್ಲಾಂಪ್ ಅದಕ್ಕೆ ಸರಿಯಾಗಿ ಬಿಗಿಯಿರಿ. ಇಲ್ಲದಿದ್ದರೆ ಚೋಕ್ ಸ್ವಲ್ಪ ತೆರೆದೇ ಉಳಿದು ದಿನವಿಡೀ ಪೆಟ್ರೋಲ್ ಕುಡಿಯುತ್ತದೆ, ಪ್ಲಗ್ ಕಪ್ಪಾಗುತ್ತದೆ. ಬಿಚ್ಚಿಟ್ಟ ಹಳೇ ಕಾಯಿಲ್ ಎಸೆದಿಲ್ಲ ಅಲ್ವಾ? ಅದು ಕೆಟ್ಟಿರಲಿಕ್ಕಿಲ್ಲ, ಡಿಕ್ಕಿಯಲ್ಲಿ ಇಟ್ಟುಕೊಳ್ಳಿ, ದಾರಿಯಲ್ಲಿ ಬೇಕಾಗುತ್ತದೆ.


ಮೂಡಿಗೆರೆ_ಪದ್ಮಿನಿ:

ಕೇಬಲ್ ಗುರುವಾರ ಬಸ್ಸಿನಲ್ಲಿ ಬಂತು, ಅವತ್ತೇ ಹಾಕಿದೆ. ಹಳೇ ಕಾಯಿಲ್ ಇದೆ, ಡಿಕ್ಕಿಗೆ ಹೋಯಿತು. ಪೆಟ್ರೋಲ್ ಪೈಪ್ ಹಾಸನದವರು ಹೇಳಿದ ಹಾಗೆ ಮೆತ್ತಗಾಗಿತ್ತು, ಅದನ್ನೂ ಬದಲಿಸಿದೆ.

ಇವತ್ತಿಗೆ ಆರು ದಿನ. ಬೆಳಿಗ್ಗೆ 11 ಡಿಗ್ರಿಗೂ ಇಳಿದಿತ್ತು, ಮಂಜು ಎಷ್ಟಿತ್ತು ಅಂದರೆ ಶೆಡ್‌ನಿಂದ ಗೇಟು ಕಾಣುತ್ತಿರಲಿಲ್ಲ. ಚೋಕ್ ಎಳೆದು, ಕಾಲು ಮುಟ್ಟಿಸದೆ, ಪ್ರತಿ ದಿನ ಮೊದಲ ಸಲಕ್ಕೇ ಸ್ಟಾರ್ಟ್. ಕುಯ್ಲಿನ ಸಮಯ, ಅಪ್ಪ ಏಳು ಗಂಟೆಗೆ ಮುಂಚೆ ತೋಟದಲ್ಲಿರುತ್ತಾರೆ. ಎರಡು ತಿಂಗಳಿಂದ ಗಾಡಿಯನ್ನು ಮೂತಿ ಗೇಟಿನ ಕಡೆ ಮಾಡಿ ಇಳಿಜಾರಿನ ತಲೆಯಲ್ಲಿ ಕಲ್ಲು ಕೊಟ್ಟು ನಿಲ್ಲಿಸುತ್ತಿದ್ದರು. ನಿನ್ನೆ ಸಂಜೆ ಬಂದವರು ಅಂಗಳದಲ್ಲೇ ನಿಲ್ಲಿಸಿ, ಆ ಕಲ್ಲು ತೆಗೆದು ಬಚ್ಚಲ ಒಲೆಯ ಪಕ್ಕ ಇಟ್ಟರು.